ಮಂಡೆಬಿಸಿಗೆ ನಮ್ಮ ಪಂಚಾಯತ್ ಆಸ್ಪತ್ರೆಯಲ್ಲಿ ಮದ್ದು ಉಂಟಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ–ಬದಿಯಡ್ಕ ಕಡೆಯ ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋದಾಗ ಬಿಪಿ, ಶುಗರ್ ಬಗ್ಗೆ ಎಲ್ಲರೂ ಚಾವಡಿಯಲ್ಲೇ ಜೋರಾಗಿ ಕೇಳುತ್ತಾರೆ. ಮಂಡೆಬಿಸಿ, ಅಂದರೆ ಮನಸ್ಸಿನ ಕಾಯಿಲೆ ಬಗ್ಗೆ ಕೆಳಗಿನ ಪ್ರಶ್ನೆಗಳನ್ನು ಮಾತ್ರ ನಾನು ಚಪ್ಪಲಿ ಹಾಕಿ ಹೊರಟ ಮೇಲೆ, ಗೇಟಿನ ತನಕ ಬಂದು ಮೆಲ್ಲಗೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಮಾತ್ರೆ ಶುರು ಮಾಡುವುದೂ ಬೇಡ, ಬಿಡುವುದೂ ಬೇಡ.

ಇದು ರೋಗವಾ, ಸುಮ್ನೆ ಬೇಜಾರಾ?

ಬೇಜಾರು ಎಲ್ಲರಿಗೂ ಆಗುತ್ತದೆ. ಅಡಿಕೆಗೆ ಕೊಳೆರೋಗ ಬಂದರೆ ಬೇಜಾರು, ಮಗ ಫೋನ್ ಮಾಡದಿದ್ದರೆ ಬೇಜಾರು. ಅದು ಬಂದ ಹಾಗೆ ಹೋಗುತ್ತದೆ. ಮದುವೆ ಮನೆಗೆ ಹೋದರೆ ಸ್ವಲ್ಪ ಮರೆಯುತ್ತದೆ.

ಎರಡು ವಾರಕ್ಕಿಂತ ಜಾಸ್ತಿ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದ್ದರೆ, ಇಲ್ಲವೇ ಯಾವುದರಲ್ಲೂ ಉಮೇದೇ ಇಲ್ಲದಿದ್ದರೆ ತೋರಿಸಬೇಕು. ಅದರ ಜೊತೆ ನಿದ್ರೆ, ಊಟ, ಕೆಲಸ ಎಲ್ಲ ಹದ ತಪ್ಪಿರುತ್ತದೆ. ಇದಕ್ಕೆ ಪುಸ್ತಕದಲ್ಲಿ ಖಿನ್ನತೆ ಎನ್ನುತ್ತಾರೆ. ಮನೆಯಲ್ಲಿ ಆ ಶಬ್ದ ಹೇಳಿದವರನ್ನು ನಾನು ಇದುವರೆಗೆ ನೋಡಿಲ್ಲ.

ನಾನು ಕೆಲಸ ನೋಡುತ್ತೇನೆ. ನಮ್ಮ ವಾರ್ಡಿನಲ್ಲಿ ಬೀಡಿ ಕಟ್ಟುವ ಒಬ್ಬರು ಇದ್ದರು. ಟಿವಿ ನೋಡುತ್ತಲೇ ಕೈ ಓಡಿಸುವವರು. ಒಂದು ದಿನ ಹೋದಾಗ ನೆನೆಸಿಟ್ಟ ಎಲೆ ಗೋಣಿಯಲ್ಲೇ ಬೂಷ್ಟು ಹಿಡಿದಿತ್ತು. ಕತ್ತರಿ ಅದರ ಮೇಲೇ ಇತ್ತು. "ಏನಿಲ್ಲ ಅಕ್ಕ, ಉದಾಸೀನ" ಅಂದರು. ಇಪ್ಪತ್ತು ವರ್ಷ ಉದಾಸೀನ ಮಾಡದವರು ಈಗ ಯಾಕೆ ಮಾಡುತ್ತಾರೆ ಹೇಳಿ?

ಆತಂಕದ ಕಾಯಿಲೆ ಸ್ವಲ್ಪ ಬೇರೆ. ಎದೆ ಡವಡವ, ಕೈ ಬೆವರುವುದು, ಗಲ್ಫಿನಿಂದ ಫೋನ್ ಬಂದರೆ ಏನೋ ಕೆಟ್ಟದ್ದಾಗಿದೆ ಎಂದೇ ಅನ್ನಿಸುವುದು. ಎರಡೂ ಒಟ್ಟಿಗೇ ಇರುವುದು ಜಾಸ್ತಿ. ನಮ್ಮಲ್ಲಿ ಮಂಡೆಬಿಸಿ ಎಂದು ಎರಡನ್ನೂ ಸೇರಿಸಿ ಹೇಳುತ್ತೇವಲ್ಲ, ಅದು ತಪ್ಪೇನೂ ಅಲ್ಲ.

ನನಗೆ ತಲೆಭಾರ, ಗ್ಯಾಸ್, ಮೈಕೈ ನೋವು ಮಾತ್ರ. ಮನಸ್ಸಿಗೇನೂ ಆಗಿಲ್ಲ. ಇದೂ ಅದೇನಾ?

ಆಗಿರಬಹುದು. ಪಂಚಾಯತ್ ಆಸ್ಪತ್ರೆಗೆ ಈ ಕಾಯಿಲೆ ಬರುವುದೇ ಹೀಗೆ. "ನನಗೆ ಖಿನ್ನತೆ" ಎಂದು ಯಾರೂ ಬರುವುದಿಲ್ಲ. ತಲೆಭಾರ, ನಿದ್ರೆ ಇಲ್ಲ, ಕಲ್ಲಿಟ್ಟ ಹಾಗೆ ಎದೆ ಭಾರ ಎಂದು ಬರುತ್ತಾರೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೂರು ಇಸಿಜಿ, ಎರಡು ಸ್ಕ್ಯಾನ್, ಎಲ್ಲವೂ ನಾರ್ಮಲ್. ಹಾಗೆಂದು ನೋವು ಸುಳ್ಳಲ್ಲ. ಮನಸ್ಸಿನ ಕಾಯಿಲೆ ಮೈಯಲ್ಲೇ ಮಾತಾಡುತ್ತದೆ.

ಆದರೆ ನೇರ ಅದೇ ಎಂದೂ ಹೇಳಬಾರದು. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಹೀಗೇ ಸುಸ್ತು. ಮೊದಲು ಅವನ್ನು ನೋಡಿಸಿ. ಎದೆನೋವು ಹೊಸದಾಗಿ ಬಂದು, ಬೆವರಿ, ಕೈಗೋ ದವಡೆಗೋ ಹರಡಿದರೆ ಈ ಪುಟ ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಮನಸ್ಸಿನ ಡಾಕ್ಟರೇ ಇಲ್ಲದ ಆಸ್ಪತ್ರೆಯಲ್ಲಿ ಏನು ಮಾಡಿಯಾರು?

ಇದು ಎಲ್ಲರೂ ಕೇಳುವ ಪ್ರಶ್ನೆ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮನೋವೈದ್ಯರು ನಮ್ಮ ದೇಶದಲ್ಲಿ ಕಡಿಮೆ. ಇದ್ದವರೂ ಪೇಟೆಯಲ್ಲಿ. ಅವರೇ ನೋಡಬೇಕು ಎಂದು ಕಾದರೆ ಹೆಚ್ಚಿನವರಿಗೆ ಮದ್ದೇ ಸಿಗುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದೂ ಅದೇ. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇದ್ದವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಹಾಗಾಗಿ ಊರಿನ ಸಣ್ಣ ಆಸ್ಪತ್ರೆಯಲ್ಲೇ ಈ ಕೆಲಸ ಆಗಬೇಕು ಎಂಬುದು ಹಳೇ ಯೋಚನೆ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೂ ಕಾರ್ಯಕರ್ತರಿಗೂ ಕಲಿಸಿ ನೋಡಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು. ಕೇರಳದಲ್ಲಿ 2017ರಿಂದ ಪಂಚಾಯತ್ ಮಟ್ಟದ ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ 'ಆಶ್ವಾಸಂ' ಎಂಬ ಕ್ಲಿನಿಕ್ ಬಂತು.

ಇದು ಬಡವರಿಗೆ ಅರ್ಧಂಬರ್ಧ ಮದ್ದು ಎಂದು ನನಗೂ ಮೊದಲು ಅನ್ನಿಸಿತ್ತು. ಹಾಗಲ್ಲ ಎಂದು ತೋರಿಸಿದ್ದು ಗೋವಾ. ಅಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಊರಿನವರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಪ್ತಸಲಹೆಗೆ ಕೂರಿಸಿದರು. ಇವರ್ಯಾರೂ ಡಾಕ್ಟರ್ ಅಲ್ಲ, ನರ್ಸ್ ಅಲ್ಲ. 2017ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ. ಖಿನ್ನತೆ ಜೋರಾಗಿಯೇ ಇದ್ದವರಲ್ಲಿ, ಹೀಗೆ ಆರೆಂಟು ಸಲ ಕೂತು ಮಾತಾಡಿದ 100 ಮಂದಿಯಲ್ಲಿ 64 ಮಂದಿ ಮೂರು ತಿಂಗಳಲ್ಲಿ ಚೇತರಿಸಿಕೊಂಡರು. ಮಾಮೂಲು ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39.

ಆಫ್ರಿಕಾದ ಜಿಂಬಾಬ್ವೆಯದ್ದು ನನಗೆ ಇನ್ನೂ ಇಷ್ಟ. ಅಲ್ಲಿ ಡಾ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಅಜ್ಜಿಯಂದಿರಿಗೆ ಕಲಿಸಿದರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಬೆಂಚು. ಅದರಲ್ಲಿ ಅಜ್ಜಿ, ಪಕ್ಕದಲ್ಲಿ ರೋಗಿ. ಅವರ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ 'ಕುಫುಂಗಿಸಿಸಾ' ಎನ್ನುತ್ತಾರಂತೆ. ಅಂದರೆ ಅತಿಯಾಗಿ ಯೋಚನೆ ಮಾಡುವುದು. ನಮ್ಮ ಮಂಡೆಬಿಸಿಯೇ ಅಲ್ವಾ? 2016ರಲ್ಲಿ ಆ ಬೆಂಚಿನ ಫಲಿತಾಂಶವೂ ಬಂತು. ಮಾಮೂಲು ಚಿಕಿತ್ಸೆಗಿಂತ ಅಜ್ಜಿಯರ ಹತ್ತಿರ ಕೂತವರೇ ಹೆಚ್ಚು ಸುಧಾರಿಸಿದ್ದರು.

ಹೋದರೆ ಏನು ಮಾಡುತ್ತಾರೆ?

ಒಪಿ ಚೀಟಿ ಮಾಡಿಸಿ. ಚೀಟಿ ಮಾಡುವ ಕಿಟಕಿಯಲ್ಲಿ ಕಾರಣ ವಿವರಿಸಬೇಕಾಗಿಲ್ಲ, "ನಿದ್ರೆ ಇಲ್ಲ" ಅಂದರೆ ಸಾಕು. ಒಳಗೆ ಸಿಸ್ಟರ್ ಒಂಬತ್ತು ಪ್ರಶ್ನೆ ಕೇಳಬಹುದು. ಅದಕ್ಕೆ ಪಿಎಚ್‌ಕ್ಯು-9 ಎಂದು ಹೆಸರು. ಕಳೆದ ಎರಡು ವಾರದಲ್ಲಿ ಉಮೇದು, ನಿದ್ರೆ, ಹಸಿವು, ಸುಸ್ತು, ಸಾಯುವ ಯೋಚನೆ ಹೇಗಿತ್ತು ಎಂದೆಲ್ಲ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಇಲ್ಲಿ ಮಾರ್ಕು ಜಾಸ್ತಿ ಬರುವುದು ಒಳ್ಳೆಯದಲ್ಲ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ಸರಿಯಾಗಿ ಕೂತು ಮಾತಾಡಬೇಕು. ಅಂಕವೇ ರೋಗ ಅಲ್ಲ. ಹಿಂದಿನ ವಾರ ಮನೆಯಲ್ಲಿ ಸಾವಾಗಿದ್ದರೆ ಯಾರಿಗಾದರೂ 10 ದಾಟೀತು.

ಸೌಮ್ಯವಾಗಿದ್ದರೆ ಮಾತ್ರೆ ಬೇಡ, ಮಾತು ಮತ್ತು ಮರುಭೇಟಿ ಸಾಕು. ಜೋರಿದ್ದರೆ ಮಾತ್ರೆ ಬರೆಯುತ್ತಾರೆ.

ಡಾಕ್ಟರಿಗೆ ಕನ್ನಡ ಬರುವುದಿಲ್ಲ. ನನಗೆ ಮಲಯಾಳಂ ಬರುವುದಿಲ್ಲ. ಹೇಗೆ ಹೇಳುವುದು?

ಇದು ಗಡಿಯಲ್ಲಿರುವ ನಮ್ಮದೇ ಕಷ್ಟ. ಕಾಲು ಮುರಿದರೆ ಭಾಷೆ ಬೇಡ, ಎಕ್ಸ್‌ರೇ ಸಾಕು. ಈ ಕಾಯಿಲೆಗೆ ಎಕ್ಸ್‌ರೇ ಇಲ್ಲ. ನೀವು ಹೇಳುವುದೇ ಪರೀಕ್ಷೆ.

ಒಮ್ಮೆ ಒಬ್ಬರು ಅಮ್ಮನ ಜೊತೆ ಹೋಗಿದ್ದೆ. ದಕ್ಷಿಣದ ಜಿಲ್ಲೆಯಿಂದ ಬಂದ ಹೊಸ ಡಾಕ್ಟರ್. ಒಳ್ಳೆಯ ಹುಡುಗಿ. ಬಹಳ ಪ್ರೀತಿಯಲ್ಲಿ "ಸಂಕಡಂ ಉಂಡೋ ಅಮ್ಮಾ?" ಎಂದು ಕೇಳಿದರು. ಇವರು ಥಟ್ಟನೆ, "ಇಲ್ಲ ಡಾಕ್ಟ್ರೇ, ಬೆಳಿಗ್ಗೆ ಎರಡು ದೋಸೆ ತಿಂದೆ, ಏನೂ ಸಂಕಟ ಆಗಲಿಲ್ಲ" ಅಂದರು. ಡಾಕ್ಟರ್ ಚೀಟಿಯಲ್ಲಿ ಏನೋ ಬರೆಯಲು ಹೊರಟರು.

ಮಲಯಾಳಂನಲ್ಲಿ ಸಂಕಡಂ ಎಂದರೆ ದುಃಖ. ನಮ್ಮ ಬಾಯಲ್ಲಿ ಸಂಕಟ ಹೊಟ್ಟೆಯದ್ದು. ನಾನು ಮಧ್ಯೆ ಬಾಯಿ ಹಾಕಿ, "ಅಮ್ಮ, ಬೇಜಾರು ಆಗ್ತದಾ ಅಂತ ಕೇಳುವುದು" ಎಂದೆ. ಅವರು ಫ್ಯಾನ್ ನೋಡಿದರು. ಆಮೇಲೆ, "ಅದೊಂದು ಕೇಳಬೇಡಿ" ಅಂದರು. ಆ ಒಂದು ಮಾತಿನಿಂದ ಚಿಕಿತ್ಸೆ ಶುರುವಾಯಿತು. ಸ್ವಲ್ಪದರಲ್ಲಿ ಗ್ಯಾಸಿನ ಮಾತ್ರೆ ಹಿಡಿದು ಮನೆಗೆ ಬರುತ್ತಿದ್ದೆವು.

ಇಂಥ ಗುಂಡಿಗಳು ಇನ್ನೂ ಉಂಟು. ಅವರು ವಿಷಮಂ ಎಂದರೆ ಅದೂ ದುಃಖವೇ. ನಮಗೆ ವಿಷಮ ಎಂದರೆ ಟೈಫಾಯಿಡ್ ನೆನಪಾಗುತ್ತದೆ. ಅವರ ವಿಷಾದ ಎಂದರೆ ಈ ಕಾಯಿಲೆ. ನಮ್ಮ ವಿಷಾದ ಪೇಪರಿನಲ್ಲಿ ಮಂತ್ರಿಗಳು ವ್ಯಕ್ತಪಡಿಸುವಂಥದ್ದು.

ಹೋಗುವ ಮೊದಲು ನಾಲ್ಕು ಸಾಲು ಬರೆದುಕೊಳ್ಳಿ. ಎಷ್ಟು ದಿನದಿಂದ, ನಿದ್ರೆ ಎಷ್ಟು ಗಂಟೆ, ಯಾವ ಕೆಲಸ ನಿಂತಿದೆ, ಈಗ ತಿನ್ನುವ ಮಾತ್ರೆ ಯಾವುದು. ಮಲಯಾಳಂ ಬರುವವರ ಹತ್ತಿರ ಅದನ್ನು ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಶಾಲೆಗೆ ಹೋಗುವ ಮಕ್ಕಳನ್ನು ಮಾತ್ರ ದುಭಾಷಿ ಮಾಡಬೇಡಿ. ಅಮ್ಮನಿಗೆ ಸಾಯಬೇಕು ಅನ್ನಿಸುತ್ತದೆ ಎಂದು ಆರನೇ ಕ್ಲಾಸಿನ ಮಗು ಯಾಕೆ ಹೇಳಬೇಕು? ಗಂಡ, ಅತ್ತೆ ಕೂಡ ಬೇಡ. ಕೆಲವು ಮಾತು ಅವರ ಬಗ್ಗೆಯೇ ಇರುತ್ತದೆ. ಆಸ್ಪತ್ರೆಯಲ್ಲಿ ಕನ್ನಡ, ತುಳು ಬರುವ ಒಬ್ಬರು ಸಿಸ್ಟರ್ ಇದ್ದೇ ಇರುತ್ತಾರೆ, ಕೇಳಿ ನೋಡಿ.

ಮನೆಯಿಂದಲೇ ಮಾತಾಡುವುದಾದರೆ 14416. ಟೆಲಿ ಮಾನಸ್ ಎಂದು ಹೆಸರು. 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, 24 ಗಂಟೆಯೂ ಉಂಟು, ಕನ್ನಡ ಆರಿಸಿಕೊಳ್ಳಬಹುದು.

ಮಾತ್ರೆ ಅಂದರೆ ನಿದ್ರೆ ಮಾತ್ರೆಯಾ? ಅಭ್ಯಾಸ ಆಗುತ್ತದಂತೆ?

ಎರಡು ಬೇರೆ ಬೇರೆ ಜಾತಿಯ ಮಾತ್ರೆಯನ್ನು ಜನ ಒಂದೇ ತೊಟ್ಟೆಗೆ ಹಾಕುತ್ತಾರೆ. ಫ್ಲುವೊಕ್ಸೆಟಿನ್, ಎಸಿಟಲೋಪ್ರಾಮ್, ಸೆರ್ಟ್ರಲಿನ್ ಇವು ಖಿನ್ನತೆಯ ಮಾತ್ರೆಗಳು. ಆತಂಕಕ್ಕೂ ಇವನ್ನೇ ಕೊಡುತ್ತಾರೆ. ಇವುಗಳಿಗೆ ಹೆಂಡದ ಹಾಗೆ ಚಟ ಹಿಡಿಯುವುದಿಲ್ಲ.

ಅಭ್ಯಾಸ ಆಗುವುದು ಅಲ್ಪ್ರಝೋಲಾಮ್, ಡಯಾಝೆಪಾಮ್ ಥರದವು. ತಿಂದ ದಿನವೇ ಆರಾಮ ಅನ್ನಿಸುತ್ತದೆ, ಅದೇ ಅದರ ಗಮ್ಮತ್ತು. ಮದ್ದಿನಂಗಡಿಯಿಂದ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಿನ್ನುವವರನ್ನು ನೋಡಿದ್ದೇನೆ. ಕಾಯಿಲೆ ಅಲ್ಲೇ ಇರುತ್ತದೆ, ಮೇಲೊಂದು ಅಭ್ಯಾಸ ಬೇರೆ. ನೀವೂ ಹಾಗೆ ತಿನ್ನುತ್ತಿದ್ದರೆ ಒಮ್ಮೆಗೇ ಬಿಡಬೇಡಿ, ಫಿಟ್ಸ್ ಬರಬಹುದು. ಡಾಕ್ಟರಿಗೆ ಹೇಳಿದರೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಒಂದು ವಾರ ತಿಂದೆ. ಏನೂ ಗುಣ ಇಲ್ಲ, ವಾಂತಿ ಬಂದ ಹಾಗೆ ಆಗುತ್ತದೆ. ಬಿಡಲಾ?

ಬಿಡಬೇಡಿ. ಈ ಮಾತ್ರೆಯ ದೊಡ್ಡ ತಾಪತ್ರಯವೇ ಇದು. ಕಿರಿಕಿರಿ ಮೊದಲು, ಗುಣ ಆಮೇಲೆ. ಓಕರಿಕೆ, ತಲೆನೋವು, ಒಂಥರಾ ಚಡಪಡಿಕೆ ಮೊದಲ ವಾರದಲ್ಲಿ ಬರಬಹುದು. ಊಟ ಆದ ಮೇಲೆ ತಿಂದರೆ ಕಡಿಮೆ. ಗುಣ ಕಾಣಲು 2ರಿಂದ 4 ವಾರ ಬೇಕು. ಎಷ್ಟೋ ಮಂದಿ ಹತ್ತನೇ ದಿನ ಬಿಟ್ಟು, "ಸರಕಾರಿ ಮಾತ್ರೆ, ಪವರ್ ಇಲ್ಲ" ಎನ್ನುತ್ತಾರೆ. ಪವರ್ ಬರುವ ಮೊದಲೇ ಬಿಟ್ಟದ್ದು ಅವರು.

ಆದರೆ ಚಡಪಡಿಕೆ ತಡೆಯಲಾರದಷ್ಟಿದ್ದರೆ, ಸಾಯುವ ಯೋಚನೆ ಜಾಸ್ತಿಯಾದರೆ, ಅಥವಾ ಇದ್ದಕ್ಕಿದ್ದಂತೆ ನಿದ್ರೆಯೇ ಬೇಡದಷ್ಟು ಉತ್ಸಾಹ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಪ್ರಾಯದ ಮಕ್ಕಳ ಮೇಲೆ ಮೊದಲ ಕೆಲವು ವಾರ ವಿಶೇಷ ಕಣ್ಣಿಡಬೇಕು.

ಸರಿ ಆದ ಮೇಲೂ ಮುಂದುವರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ 9ರಿಂದ 12 ತಿಂಗಳು ಎನ್ನುತ್ತದೆ. ಆಮೇಲೆ ಮೆಲ್ಲಗೆ ಇಳಿಸುವುದು.

ನಾವು ಮಂಗಳೂರಿನಲ್ಲಿ ತೋರಿಸುತ್ತಿದ್ದೇವೆ. ಅದನ್ನು ಬಿಟ್ಟು ಇಲ್ಲಿಗೆ ಬರಬೇಕಾ?

ಬಿಡಬೇಕು ಅಂತಿಲ್ಲ. ಅಲ್ಲಿ ಕನ್ನಡ ಉಂಟು, ತುಳು ಉಂಟು, ಯಾರೂ ಗುರುತಿನವರು ಸಿಗುವುದಿಲ್ಲ. ಅದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲೂ ಒಂದು ಕಾಲು ಇಟ್ಟುಕೊಳ್ಳಿ.

2020ರ ಮಾರ್ಚ್ ನೆನಪಿದೆಯಾ? ಲಾಕ್‌ಡೌನ್ ಆಯಿತು, ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಡಯಾಲಿಸಿಸ್‌ನವರ ಕಷ್ಟ ಪೇಪರಿನಲ್ಲಿ ಬಂತು. ಮನಸ್ಸಿನ ಮಾತ್ರೆ ತಿನ್ನುವವರದ್ದು ಬರಲಿಲ್ಲ, ಅವರು ಯಾರಿಗೂ ಹೇಳಿರಲೇ ಇಲ್ಲ. ನಮ್ಮ ವಾರ್ಡಿನ ಒಬ್ಬರು ಅಣ್ಣ ಮೂರು ವರ್ಷದಿಂದ ಗುಟ್ಟಾಗಿ ತಿನ್ನುತ್ತಿದ್ದರು. ಮಾತ್ರೆ ಮುಗಿದು ನಾಲ್ಕನೇ ದಿನಕ್ಕೆ ತಲೆ ತಿರುಗುವುದು, ಕುತ್ತಿಗೆ ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕೊರೋನಾ ಎಂದು ಮನೆಯವರು ಅವರನ್ನು ಕೋಣೆಯಲ್ಲಿ ಕೂರಿಸಿದ್ದರು. ನಾನು ಜ್ವರದ ಲೆಕ್ಕ ಬರೆಯಲು ಹೋದಾಗ ಕಿಟಕಿಯಿಂದ ಖಾಲಿ ಸ್ಟ್ರಿಪ್ ತೋರಿಸಿದರು. ಅದೇ ಮಾತ್ರೆ ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿತ್ತು. ದುಡ್ಡೂ ಇಲ್ಲ.

ಈಗ ಅವರು ವರ್ಷಕ್ಕೆ ಎರಡು ಸಲ ಮಂಗಳೂರಿಗೆ ಹೋಗುತ್ತಾರೆ, ಪ್ರತಿ ತಿಂಗಳು ಇಲ್ಲಿಂದ ಮಾತ್ರೆ ತರುತ್ತಾರೆ. ಮಂಗಳೂರಿನ ಚೀಟಿಯ ಒಂದು ಕಾಪಿ ಇಲ್ಲಿ ಕೊಟ್ಟಿಡಿ, ಸಾಕು.

ಮಾತ್ರೆ ಬೇಡ, ಮಾತಿನಲ್ಲೇ ವಾಸಿ ಆಗುವುದಿಲ್ಲವಾ?

ಎಷ್ಟೋ ಮಂದಿಗೆ ಆಗುತ್ತದೆ. ಗೋವಾದಲ್ಲಿ ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎಂದು ನಾವು ಕಾಯುತ್ತೇವೆ. ಅವರು ಅದನ್ನು ತಿರುಗಿಸಿದರು. ಮೊದಲು ಸಣ್ಣ ಕೆಲಸ, ಮನಸ್ಸು ಹಿಂದೆ ಬರುತ್ತದೆ.

ಬೀಡಿಯ ಅಕ್ಕನಿಗೆ ಸಿಸ್ಟರ್ ಹೇಳಿದ್ದು ಇಷ್ಟೇ: ಬೆಳಿಗ್ಗೆ ಎಂಟಕ್ಕೆ ಜಗಲಿಯಲ್ಲಿ ಕೂತು ಇಪ್ಪತ್ತೈದು ಬೀಡಿ, ಸಂಜೆ ತೋಟದಲ್ಲಿ ಒಂದು ಸುತ್ತು. ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗೀಟು. ಮೊದಲ ವಾರ ಮೂರೇ ಗೀಟು. ಸಿಸ್ಟರ್ ಬಯ್ಯಲಿಲ್ಲ, ಆ ಮೂರು ದಿನ ಹೇಗೆ ಆಯಿತು ಎಂದು ಕೇಳಿದರು. ಪಕ್ಕದ ಮನೆಯವರು ಬಂದು ಕೂತ ದಿನ ಆಗಿತ್ತು. ಹಾಗಾದರೆ ಅವರನ್ನೇ ದಿನಾ ಕರೆಯಿರಿ ಎಂದಾಯಿತು.

ಸಾಲ, ಜಗಳ, ಕುಡಿತ ಹೀಗೆ ಕಷ್ಟವೇ ಕಾರಣವಾದರೆ ಎಲ್ಲವನ್ನೂ ಪಟ್ಟಿ ಮಾಡಿ, ಒಂದನ್ನು ಹಿಡಿದು, ಈ ವಾರ ಏನು ಮಾಡಬಹುದು ಎಂದು ನೋಡುತ್ತಾರೆ. ಸೊಸೈಟಿಯ ಸಾಲ ತೀರುವುದಿಲ್ಲ. ಆದರೆ ಕಾರ್ಯದರ್ಶಿಯ ಹತ್ತಿರ ಹೋಗಿ ಗಡುವು ಕೇಳಬಹುದು. ಜಿಂಬಾಬ್ವೆಯ ಅಜ್ಜಿಯರೂ ಬೆಂಚಿನಲ್ಲಿ ಕೂತು ಮಾಡುವುದು ಇದನ್ನೇ.

"ಧೈರ್ಯ ತಂದುಕೋ, ನಿನಗೇನು ಕಮ್ಮಿ" ಎನ್ನುವುದು ಮಾತಿನ ಚಿಕಿತ್ಸೆ ಅಲ್ಲ. ಅದು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ.

ಜೋಯಿಸರು ದೈವದ ಉಪದ್ರ ಅಂದಿದ್ದಾರೆ. ಮೊದಲು ಅದನ್ನು ಮುಗಿಸಲಾ?

ತಂಬಿಲ ಕೊಡಿ, ಹರಕೆ ಹೇಳಿ, ನೂಲು ಕಟ್ಟಿಸಿ. ನಾನು ಬೇಡ ಅನ್ನುವುದಿಲ್ಲ, ನನ್ನ ಮನೆಯಲ್ಲೂ ಕೊಡುತ್ತೇವೆ. ಮದ್ದನ್ನು ಅದು ಮುಗಿಯುವ ತನಕ ಮುಂದೆ ಹಾಕಬೇಡಿ ಅಷ್ಟೇ. ಕಟ್ಟಿಹಾಕುವುದು, ಹೊಡೆಯುವುದು, ಹೊಗೆ ಹಾಕುವುದು ಮಾಡುವಲ್ಲಿಗೆ ಖಂಡಿತ ಕರೆದುಕೊಂಡು ಹೋಗಬೇಡಿ.

ಮಗನಿಗೆ ಎಂಡೋಸಲ್ಫಾನ್ ಪಟ್ಟಿಯಲ್ಲಿ ಹೆಸರು ಉಂಟು. ಅವನನ್ನು ನೋಡಿಕೊಳ್ಳುವ ನನಗೆ ಏನಾದರೂ ಉಂಟಾ?

ಈ ಪ್ರಶ್ನೆ ಒಂದೇ ಸಲ, ಒಬ್ಬರೇ ಕೇಳಿದ್ದು. ಎಲ್ಲರೂ ಕೇಳಬೇಕಿತ್ತು ಎಂದು ಇಲ್ಲಿ ಸೇರಿಸಿದ್ದೇನೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಮಗನನ್ನು ಎತ್ತಿ ಮೀಯಿಸುವುದು ಮಾತ್ರ ಆ ಅಮ್ಮನಿಗೆ ನಿಂತಿಲ್ಲ. ಕ್ಯಾಂಪಿಗೆ ಹೋದಾಗ ಎಲ್ಲರೂ ಮಗುವನ್ನು ನೋಡುತ್ತಾರೆ. ಎತ್ತಿಕೊಂಡು ಬಂದವರ ನಿದ್ರೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಿಮ್ಮ ಹೆಸರಿನಲ್ಲೇ ಬೇರೆ ಒಪಿ ಚೀಟಿ ಮಾಡಿಸಿ. ಹೋಗುವಾಗ ಮಗನ ಹತ್ತಿರ ಯಾರು ಕೂರುವುದು ಎಂಬುದೇ ದೊಡ್ಡ ಪ್ರಶ್ನೆ ಎಂದು ಗೊತ್ತು. ಹಿಂದಿನ ದಿನ ಹೇಳಿದರೆ ಕುಟುಂಬಶ್ರೀ ಮಹಿಳಾ ಸಂಘದವರಲ್ಲಿ ಯಾರನ್ನಾದರೂ ಹೊಂದಿಸೋಣ.

ಹೆರಿಗೆಯಾದ ಮೇಲೆ ಸುಮ್ಮನೆ ಅಳುತ್ತಾಳೆ. ಬಾಣಂತಿಗೆ ಹಾಗೇ ಅಲ್ವಾ?

ನಾಲ್ಕೈದು ದಿನ ಅತ್ತರೆ ಹಾಗೇ. ಎರಡು ವಾರ ದಾಟಿದರೆ ಅಲ್ಲ. ಎದೆಹಾಲು ಕೊಡುವಾಗಲೂ ತಿನ್ನಬಹುದಾದ ಮಾತ್ರೆ ಉಂಟು. ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂದರೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಸಾಯಬೇಕು ಅನ್ನುತ್ತಾರೆ. ಕೇಳಿದರೆ ಇನ್ನೂ ತಲೆಗೆ ಹೋಗುತ್ತದಾ?

ಇಲ್ಲ. ಕೇಳಿ. "ಬದುಕುವುದು ಬೇಡ ಅನ್ನಿಸುತ್ತದಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಯೋಚನೆ ಬರುವುದಿಲ್ಲ. ಇದ್ದ ಯೋಚನೆ ಹೊರಗೆ ಬರುತ್ತದೆ. ಹೌದು ಎಂದರೆ ಗಾಬರಿಯಾಗಬೇಡಿ, ಬುದ್ಧಿ ಹೇಳಬೇಡಿ, ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ವಿಷ, ಮನೆಯಲ್ಲಿರುವ ಮಾತ್ರೆ ಎಲ್ಲ ಅದೇ ಹೊತ್ತಿಗೆ ಮನೆಯಿಂದ ದಾಟಿಸಿ, ನೆಂಟರಲ್ಲಿ ಬೀಗ ಹಾಕಿಸಿಡಿ. ಆ ಯೋಚನೆ ಹೆಚ್ಚಾಗಿ ಸ್ವಲ್ಪ ಹೊತ್ತಿನದ್ದು. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. 14416ಕ್ಕೆ ಅಥವಾ ಕೇರಳದ ದಿಶಾ ಸಹಾಯವಾಣಿ 1056ಕ್ಕೆ ಫೋನ್ ಮಾಡಿ. ತೀರಾ ಅವಸರವಾದರೆ 108.

ಪ್ರಯತ್ನ ಮಾಡಿಕೊಂಡವರನ್ನು ಕೇಸಿಗೆ ಹೆದರಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ನೋಡುತ್ತದೆ. ಶಿಕ್ಷೆ ಕೊಡುವುದಿಲ್ಲ.

ಇಲ್ಲಿ ಆಗುವುದಿಲ್ಲ ಎಂದು ಯಾವಾಗ ತಿಳಿಯುವುದು?

ಸಾಯುವ ಯೋಚನೆ ಗಟ್ಟಿಯಾಗಿದ್ದರೆ, ಊಟ ನೀರು ಬಿಟ್ಟಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ, ಹಿಂದೆ ಯಾವಾಗಲಾದರೂ ಅತಿ ಉತ್ಸಾಹದ ಕಾಯಿಲೆ ಬಂದಿದ್ದರೆ, ಸರಿಯಾಗಿ ಒಂದೂವರೆ ಎರಡು ತಿಂಗಳು ಮಾತ್ರೆ ತಿಂದೂ ಗುಣ ಇಲ್ಲದಿದ್ದರೆ. ಆಗ ಇಲ್ಲಿನ ಡಾಕ್ಟರೇ ಮನೋವೈದ್ಯರಿಗೆ ಬರೆದು ಕೊಡುತ್ತಾರೆ.

ಊರಿಗೆಲ್ಲ ಗೊತ್ತಾಗುತ್ತದಾ? ಮಗಳ ಮದುವೆ ಆಗಬೇಕು.

ಆಸ್ಪತ್ರೆಯವರು ಹೇಳುವ ಹಾಗಿಲ್ಲ, ಗುಟ್ಟು ಕಾಯುವುದು ಕಾನೂನಿನಲ್ಲೇ ಉಂಟು. ಬಿಪಿ, ಶುಗರಿನವರು ಕೂರುವ ಬೆಂಚಿನಲ್ಲೇ ನೀವೂ ಕೂರುವುದು. ನೋಡಿದವರಿಗೆ ಏನು ಗೊತ್ತಾದೀತು? ಸಣ್ಣ ಆಸ್ಪತ್ರೆಯ ಲಾಭವೇ ಅದು. ನಾನೂ ಯಾರಿಗೂ ಹೇಳುವುದಿಲ್ಲ. ಮೇಲೆ ಬರೆದವರ ಗುರುತು ನಿಮಗೆ ಸಿಕ್ಕಿತು ಅನ್ನಿಸಿದರೆ, ಅದು ಅವರಲ್ಲ.

ಅಕ್ಕ, ನೀವು ಜೊತೆಗೆ ಬರುತ್ತೀರಾ?

ಬರುತ್ತೇನೆ. ಬುಧವಾರ ಬೇಡ, ಅವತ್ತು ಮಕ್ಕಳ ಚುಚ್ಚುಮದ್ದು, ಕೂರಲು ಜಾಗ ಇರುವುದಿಲ್ಲ. ಬೇರೆ ದಿನ ಒಂಬತ್ತಕ್ಕೆ ಮೊದಲು ಬಸ್ ಸ್ಟಾಪಿಗೆ ಬನ್ನಿ. ಹಳೇ ಚೀಟಿಗಳ ತೊಟ್ಟೆ ಮರೆಯಬೇಡಿ.